ಹಿಂದಿನ ಒಂದೂವರೆ ಅಡಿ

ಆಗೆಲ್ಲ ಬೇಸಿಗೆ ಸೂಟಿ ಬಂತೆಂದರೆ ನಮಗಿಂತ ದೊಡ್ಡವರಿಗೇ ಸಂತೋಷ, ಮನೆಗೆಲಸಕ್ಕೆ ಕೈ ಸಿಕ್ಕವಲ್ಲ ಎಂದು. ನನ್ನ ಹೈಸ್ಕೂಲಿನ ಮಾತು ಎದ್ದ ದಿನ ನಾನು ಮಾಡಿದ್ದು ಇಷ್ಟು: ಬೆಳಿಗ್ಗೆ ಅಂಗಳಕ್ಕೆ ಸೆಗಣಿ ನೀರು ಹೊಡೆದೆ. ಬೋರಿನಿಂದ ನಾಲ್ಕು ಕೊಡ ನೀರು ತಂದೆ. ಎಮ್ಮೆಗೆ ಹುಲ್ಲು ಹಾಕಿದೆ. ಹಲ್ಲಿಲ್ಲದ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಎಲೆ ಅಡಿಕೆ ಕುಟ್ಟಿಕೊಟ್ಟೆ. ತಮ್ಮ ಮಂಜನ ತಲೆಗೆ ಎಣ್ಣೆ ತಿಕ್ಕಿ ಬೈಸಿಕೊಂಡೆ. ಅವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು, ಬಿಸಿಲು ಏರುವವರೆಗೂ ಕಾಗೆ ಕಾದೆ. ಕೊನೆಗೆ, ಸಂಜೆ ಅಪ್ಪ ಬಂದ ಮೇಲೆ, ಅವನ ಪಿಕಪ್ಪು ತೊಳೆದೆ.

ಪಿಕಪ್ಪು ತೊಳೆಯುವುದು ನನಗೆ ಇಷ್ಟದ ಕೆಲಸ. ಜೀಪಿನ ಮೂತಿ, ಅದರ ಹಿಂದೆ ಮೂರು ಜನ ಕೂರುವ ಒಂದೇ ಸೀಟು, ಸೀಟಿನ ಬೆನ್ನಿಗೆ ತಗಡಿನ ಗೋಡೆ, ಗೋಡೆಯ ಹಿಂದೆ ಚೀಲ ಹೇರುವ ಬಾಡಿ. ಅಷ್ಟೇ ಗಾಡಿ. ಸ್ಟೇರಿಂಗಿಗೆ ಬೀಡಿ ಎಲೆ ಬಣ್ಣದ ರೆಕ್ಸಿನ್ ಹೊಲಿದಿತ್ತು. ಒಳಗೆ ಡೀಸೆಲ್ಲು, ಗೋಣಿ ತಟ್ಟು, ಊದಿನಕಡ್ಡಿ ಮೂರೂ ಕೂಡಿದ ಒಂದು ವಾಸನೆ. ನವಲಿಯಿಂದ ಇತ್ತ ಕಾಲುವೆಯ ಮಗ್ಗುಲಲ್ಲಿದ್ದ ನಮ್ಮ ಸಣ್ಣ ಊರಿನಲ್ಲಿ ಆಗ ಅದೊಂದೇ ಪಿಕಪ್ಪು. ಊರವರ ಭತ್ತವನ್ನೆಲ್ಲ ಅಪ್ಪನೇ ಗಂಗಾವತಿಯ ಮಿಲ್ಲುಗಳಿಗೆ ಹಾಕಿ ಬರುತ್ತಿದ್ದ. ಭತ್ತವಿಲ್ಲದ ದಿನಗಳಲ್ಲಿ ಮೇವು, ಕಾಯಿಪಲ್ಯ, ಸಿಮೆಂಟು. ಒಟ್ಟಿನಲ್ಲಿ ಬೆಳಿಗ್ಗೆ ಏಳೂವರೆಗೆ ಗಾಡಿ ಊರು ಬಿಟ್ಟರೆ ಬೈಗಾಗುವ ಮುಂದೆ ಮರಳುತ್ತಿತ್ತು. ದಿನಾ.

ಆ "ದಿನಾ" ಎಂಬ ಮಾತೇ ನನ್ನ ಆಸೆಗೆ ಕಾರಣ. ಏಳನೆತ್ತೆ ಪಾಸಾಗಿದ್ದೆ. ನಮ್ಮೂರ ಸಾಲಿ ಏಳಕ್ಕೇ ಮುಗಿಯುತ್ತಿತ್ತು. ಗಂಗಾವತಿಗೆ ಹೋಗುವ ಬಸ್ಸು ನಮ್ಮೂರಿಗೆ ಬರುವ ಹೊತ್ತಿಗೆ ಅಲ್ಲಿನ ಹೈಸ್ಕೂಲಿನಲ್ಲಿ ಎರಡು ಪಿರಿಯಡ್ಡು ಮುಗಿದಿರುತ್ತಿದ್ದವು. ಪಿಕಪ್ಪು ಮಾತ್ರ ಸರಿಯಾದ ಹೊತ್ತಿಗೆ ಹೋಗಿ ಸರಿಯಾದ ಹೊತ್ತಿಗೆ ಬರುತ್ತಿತ್ತು. ಆದರೆ ಅದರಲ್ಲಿ ನನಗೆ ಜಾಗವಿರಲಿಲ್ಲ. ಮುಂದೆ ಅಪ್ಪ, ಅಪ್ಪನ ಮಗ್ಗುಲಿಗೆ ಗೇರಿಗೆ ತಾಗದಂತೆ ಮೊಳಕಾಲು ಸರಿಸಿಕೊಂಡು ಹಮಾಲಿ ದುರುಗಪ್ಪ, ಬಾಗಿಲಿಗೆ ಹಮಾಲಿ ಹನುಮಪ್ಪ ಕಾಕಾ. ಚೀಲ ಏರಿಸಿ ಇಳಿಸಲು ಇಬ್ಬರೂ ಬೇಕೇ ಬೇಕು.

"ಗಂಡಸ್ರ ನಡುವ ಒತ್ತಿಕೊಂಡು ದಿನಾ ಹೋಗೂದು ಬರೂದು ಬ್ಯಾಡ," ಅಂದಳು ಆಯಿ.

"ಹಂಗಂತ ಹಿಂದ ಚೀಲದ ಮ್ಯಾಲ ಕುಂದ್ರಸಾಕ ನಾ ಒಪ್ಪೂದಿಲ್ಲ," ಅಂದಳು ಅವ್ವ. "ಬ್ರೇಕ್ ಹಾಕಿದ್ರ ಕಾಲುವಿ ಒಳಗ ಇರ್ತಾಳ."

ಅಪ್ಪ ರೊಟ್ಟಿ ಮುರಿಯುತ್ತಾ ಕುಂತಿದ್ದ. ಅವನು ಯಾವುದಕ್ಕೂ ತಟ್ಟನೆ ಉತ್ತರ ಕೊಡುವವನಲ್ಲ. ರೊಟ್ಟಿ ಮುಗಿಸಿ, ತಾಟಿನಲ್ಲೇ ಕೈ ತೊಳೆದು, ಹೇಳಿದ:

"ಅಕಿಗೆ ಬ್ಯಾರೆ ಸೀಟ್ ಆದ್ರ ಹೊಕ್ಕಾಳ. ಸೀಟ್ ಆಗಲಿಲ್ಲ ಅಂದ್ರ ಇಲ್ಲ. ಅಷ್ಟ ಮಾತು."

ನಾನು ತೊಳೆದಿಟ್ಟ ಗಾಡಿಯ ಹತ್ತಿರ ಹೋಗಿ ಮುಂದಿನ ಸೀಟಿಗೂ ಹಿಂದಿನ ತಗಡಿಗೂ ನಡುವೆ ಕೈ ತೂರಿಸಿ ನೋಡಿದೆ. ಅಂಗೈ ಹಿಡಿಸುವಷ್ಟು ಜಾಗವಿತ್ತು.

ಗಂಗಾವತಿಯಿಂದ ಸಿದ್ದಾಪುರದ ಕಡೆ ಹೋಗುವ ರಸ್ತೆಯಲ್ಲಿ, ಸಾಲು ಮಿಲ್ಲುಗಳು ಮುಗಿಯುವಲ್ಲಿ, ಮಹಬೂಬ ಮಿಸ್ತ್ರಿಯ ಶೆಡ್ಡು. ಲಾರಿಗಳಿಗೆ ಬಾಡಿ ಕಟ್ಟುವ ಕೆಲಸ. ಚಾಸಿ ಮಾತ್ರ ಬಂದು ನಿಂತ ಲಾರಿ ತಿಂಗಳೊಪ್ಪತ್ತಿನಲ್ಲಿ ಹೂವು, ನವಿಲು, ಹಳದಿ ಅಂಚು ಹೊತ್ತು ಮದುಮಗನ ಹಾಗೆ ಹೊರಬೀಳುತ್ತಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಹಮಾಲರಿಗೆ ಅವತ್ತು ರಜೆ. ಶೆಡ್ಡಿನೊಳಗೆ ಕಾಲಿಟ್ಟರೆ ಸುಟ್ಟ ಕಬ್ಬಿಣ, ಕೆಂಪು ಪ್ರೈಮರು, ಕೊಯ್ದ ಕಟ್ಟಿಗೆಯ ಪುಡಿ ಎಲ್ಲ ಒಟ್ಟಿಗೆ ಮೂಗಿಗೆ ಬಂದವು. ಮಿಸ್ತ್ರಿಗೆ ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡದ ತುದಿಗೆ ಯಾವಾಗಲೂ ಯಾವುದಾದರೊಂದು ಬಣ್ಣ. ಅವತ್ತು ಹಸಿರು.

ಅಪ್ಪ ಹೇಳಿದ್ದನ್ನೆಲ್ಲ ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಲಾರಿಗೆ ಕ್ಯಾಬಿನ್ ಕಟ್ಟೀನಿ, ಟ್ರ್ಯಾಕ್ಟರಿಗೆ ಟಾಪ್ ಹಾಕೀನಿ. ಹಿಂಗ ಒಂದ್ ಹುಡುಗಿ ಸಲುವಾಗಿ ಯಾರೂ ಗಾಡಿ ಕೊಯ್ಸಿಲ್ಲ, ಶಂಕ್ರಣ್ಣ. ಏನ್ ಓದ್ತಿ ಬೇಟಾ?"

"ಎಂಟನೆತ್ತೆ, ಚಾಚಾ."

"ಓದಿ ಏನಾಗ್ತಿ?"

ನನಗೆ ಆಗ ಅಷ್ಟು ದೂರದ್ದು ಗೊತ್ತಿರಲಿಲ್ಲ. "ಒಂಬತ್ತನೆತ್ತೆ," ಅಂದೆ.

ಮಿಸ್ತ್ರಿ ನಕ್ಕು ಕಿವಿಯ ಹಿಂದಿನ ಸೀಮೆಸುಣ್ಣದ ಖಡು ತೆಗೆದರು. ತಗಡಿನ ಮೇಲೆ ಗೆರೆ ಎಳೆಯುತ್ತಾ ಒಂದೊಂದೇ ಹೇಳತೊಡಗಿದರು. ಹಿಂದಿನ ಗೋಡೆ ಕೊಯ್ದು ಒಂದೂವರೆ ಅಡಿ ಹಿಂದಕ್ಕೆ ಸರಿಸುವುದು. ಮೇಲೆ ಅಷ್ಟೇ ಉದ್ದಕ್ಕೆ ಟಾಪು. ಒಳಗೆ ಅಡ್ಡಕ್ಕೆ ಒಂದು ಕಿರಿದು ಸೀಟು, ತೆಂಗಿನ ನಾರು ತುಂಬಿ ರೆಕ್ಸಿನ್ ಹೊಲಿದದ್ದು. ಮಗ್ಗುಲಿಗೆ ಸಣ್ಣ ಕಿಟಕಿ, ಅದರ ಗಾಜು ಸರಿಯುವುದಿಲ್ಲ, ಹಿಂದಿನ ಅಂಚನ್ನು ನೂಕಿದರೆ ಎರಡು ಬೆರಳಿನಷ್ಟು ಹೊರಕ್ಕೆ ಬಾಯಿ ಬಿಡುತ್ತದೆ. ಗಾಳಿ ಬರುತ್ತದೆ, ಧೂಳು ಬರುವುದಿಲ್ಲ. ಬೆನ್ನ ಹಿಂದಿನ ಗೋಡೆಗೆ ಸರಿಸುವ ಗಾಜಿನ ಕಿಂಡಿ.

"ಹತ್ತೂದು ಎಲ್ಲಿಂದ?" ಎಂದ ಅಪ್ಪ. "ಮುಂದಿನ ಸೀಟು ಮಡಚಿ ಅಂದ್ರ ಹನುಮಪ್ಪ, ದುರುಗ್ಯಾ ಇಬ್ರೂ ದಿನಾ ಇಳೀಬೇಕು."

"ಬಾಗಲ ಇಡ್ತೀನಿ. ಅರ್ಧ ಬಾಗಲ." ಮಿಸ್ತ್ರಿ ಎರಡೂ ಅಂಗೈ ಜೋಡಿಸಿ ಕಪಾಟಿನ ಬಾಗಿಲ ಹಾಗೆ ಬಿಚ್ಚಿ ತೋರಿಸಿದರು. "ಮುಂದಿನ ಬಾಗಲ ಹಿಂಗ ತೆಗೀತೈತಿ, ಇದು ಹಂಗ ತೆಗೀತೈತಿ. ನಡುವ ಕಂಬ ಇಲ್ಲ. ಚಿಲಕ ಒಳಗಿನ ಅಂಚಿಗೆ. ಮುಂದಿನ ಬಾಗಲ ತೆಗೀದ ಇದನ್ನ ಯಾವ ಬಾದಶಾ ಬಂದ್ರೂ ತೆಗ್ಯಾಕ ಆಗಂಗಿಲ್ಲ."

ಇದನ್ನು ಅಪ್ಪ ಮನೆಯಲ್ಲಿ ಆಯಿಗೆ ಹೇಳಿದಾಗ ಆಯಿ ಮೊದಲ ಸಲ ಆ ಸೀಟಿನ ಬಗ್ಗೆ ಒಳ್ಳೆಯ ಮಾತಾಡಿದಳು. "ಬುದ್ಧಿ ಐತಿ ಆ ಮಿಸ್ತ್ರಿಗೆ," ಅಂದಳು.

ಅವತ್ತು ಶೆಡ್ಡಿನಲ್ಲಿ ಇನ್ನು ಉಳಿದದ್ದು ಹಿಂದಿನ ಜಾಗದ ಲೆಕ್ಕ. ನಮ್ಮ ಕಡೆ ಗಾಡಿಯ ಬಾಡಿಯನ್ನು ಅಡಿಯಲ್ಲಿ ಯಾರೂ ಹೇಳುವುದಿಲ್ಲ, ಸಾಲಿನಲ್ಲಿ ಹೇಳುತ್ತಾರೆ. ಎಷ್ಟು ಸಾಲು ಚೀಲ ಹಿಡಿಯುತ್ತದೆ? ನಮ್ಮದು ನಾಲ್ಕು ಸಾಲು. ನಾಲ್ಕು ಸಾಲು ಹಾಕಿ, ಹಗ್ಗ, ತಾಡಪತ್ರಿ, ಹಮಾಲರ ಬುತ್ತಿ ಇಡುವಷ್ಟು ಜಾಗ ಹಿಂದೆ ಉಳಿಯುತ್ತಿತ್ತು. ಊರವರೆಲ್ಲ ಶಂಕ್ರಣ್ಣನ ಗಾಡಿ ಎಂದರೆ ನಾಲ್ಕು ಸಾಲು ಎಂದೇ ಭತ್ತ ತುಂಬಿಡುತ್ತಿದ್ದರು. ಮೂರು ಸಾಲಾದರೆ ಅದು ಬೇರೆಯೇ ಗಾಡಿ.

ಮಿಸ್ತ್ರಿ ಟೇಪು ನಂಬುವವರಲ್ಲ. ಮಗ್ಗುಲ ಮಿಲ್ಲಿನಿಂದ ತುಂಬಿದ ಚೀಲಗಳನ್ನು ತರಿಸಿ ಬಾಡಿಯಲ್ಲಿ ಹಿಂದಿನ ಬಾಗಿಲಿನಿಂದ ಮುಂದಕ್ಕೆ ಒಂದಕ್ಕೊಂದು ಒತ್ತಿ ಮಲಗಿಸಿದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಚೀಲದ ಹೊಟ್ಟೆಗೆ ತಾಗಿಸಿ ಗೆರೆ ಎಳೆದರು. ಗೆರೆಯಿಂದ ಹಳೆಯ ಗೋಡೆಯವರೆಗೆ ಅಳೆದರೆ ಒಂದೂವರೆ ಅಡಿ ಚೊಕ್ಕ ಉಳಿಯಿತು.

"ನೋಡ್ರಿ," ಅಂದರು. "ನಿಮ್ಮ ನಾಲ್ಕು ಸಾಲು ನಿಮಗ, ಇಕಿ ಸೀಟು ಇಕಿಗೆ."

ಅಪ್ಪನೂ ನೋಡಿದ. ನಾನೂ ನೋಡಿದೆ. ಮೂವರೂ ತಲೆಯಾಡಿಸಿದೆವು.

ಹತ್ತು ದಿನ ಗಾಡಿ ಶೆಡ್ಡಿನಲ್ಲಿತ್ತು. ಆ ಹತ್ತು ದಿನ ನನಗೆ ಕುಂಟಬಿಲ್ಲೆಯಲ್ಲೂ ಮನಸ್ಸಿಲ್ಲ, ಬಾವಿಯ ಕಟ್ಟೆಯ ಮೇಲೆ ಆಡುವ ಕವಡೆಯಲ್ಲೂ ಮನಸ್ಸಿಲ್ಲ. ಗೆಳತಿಯರಿಗೆ ಅಂಗಳದಲ್ಲಿ ಇದ್ದಿಲಿನಿಂದ ಸೀಟಿನ ಚಿತ್ರ ಬರೆದು ತೋರಿಸಿದೆ. ಗಾಡಿ ತಿರುಗಿ ಬಂದಾಗ ಬೀದಿಯವರೆಲ್ಲ ಅರ್ಧ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಸಾಕಪ್ಪಾ ಅನ್ನಿಸಿದರು. ಬಾಗಿಲ ಮೇಲೆ ಮಿಸ್ತ್ರಿ ಕೇಳದೆಯೇ ಒಂದು ಗಿಳಿ ಬರೆದಿದ್ದರು. ಮಂಜ ಒಳಗೆ ಹತ್ತಿ ಇಳಿಯಲೊಲ್ಲ. ಆಯಿಯೂ ಒಮ್ಮೆ ಕುಂತು ನೋಡಿ, "ಟೊಂಕಕ್ಕ ಛಲೋ ಆಧಾರ ಐತಿ," ಎಂದು ಇಳಿದಳು. ನಾನು ಕುಂತಾಗ ಮೊಳಕಾಲು ಮುಂದಿನ ಸೀಟಿನ ಬೆನ್ನಿಗೆ ತಾಗಿಯೂ ತಾಗದ ಹಾಗಿದ್ದವು. ಹೊಸ ರೆಕ್ಸಿನ್ನಿನ ವಾಸನೆಗೆ ತಲೆ ಹಿಡಿದರೂ ಇಳಿಯುವ ಮನಸ್ಸಾಗಲಿಲ್ಲ.

ಸಾಲಿ ತೆರೆಯಲು ಎರಡು ದಿನ ಇತ್ತು. ಹೈಸ್ಕೂಲಿಗೆ ಹೆಸರು ಹಚ್ಚಿಸಲು ಹೋಗುವ ದಿನವೇ ಬೇಸಿಗೆ ಬೆಳೆಯ ಮೊದಲ ಲೋಡೂ ಇತ್ತು. ಬೆಳಿಗ್ಗೆ ನನ್ನ ಎರಡು ಜಡೆಗೆ ಅವ್ವ ಹೊಸ ರಿಬ್ಬನ್ನು ಕಟ್ಟಿದಳು. ನಾನು ಹೋಗಿ ಸೀಟಿನಲ್ಲಿ ಕುಂತುಬಿಟ್ಟೆ. ಹಿಂದೆ ಹನುಮಪ್ಪ ಕಾಕಾ, ದುರುಗಪ್ಪ ಚೀಲ ಹೇರುತ್ತಿದ್ದರು. ಬೆನ್ನಿನ ಮೇಲಿಂದ ಚೀಲ ಬಿದ್ದಾಗಲೆಲ್ಲ ನನ್ನ ಸೀಟು ಸಣ್ಣಗೆ ಜಿಗಿಯುತ್ತಿತ್ತು. ಒಂದನೇ ಸಾಲು, ಎರಡನೇ ಸಾಲು, ಮೂರನೆಯದು. ಆಮೇಲೆ ಸದ್ದು ನಿಂತಿತು.

ಕಿಂಡಿಯಿಂದ ನೋಡಿದೆ. ಕಾಕಾ ನಾಲ್ಕನೆಯ ಸಾಲಿನ ಚೀಲವನ್ನು ಮೊಳಕಾಲಿನಿಂದ ಒತ್ತುತ್ತಿದ್ದ. ಒಳಗೆ ಹೋಗಲಿಲ್ಲ. ಚೀಲದ ಹೊಟ್ಟೆ ಹೊರಗೇ ಉಳಿಯಿತು. ಹಿಂದಿನ ಬಾಗಿಲು ಮುಚ್ಚಲು ಒಂದು ಗೇಣು ಕಡಿಮೆ.

"ಯಣ್ಣಾ, ಬಾಗಲ ಹತ್ತವಲ್ದು."

ಅಪ್ಪ ಬಂದು ನೋಡಿದ. ಇಬ್ಬರೂ ಕೂಡಿ ಒತ್ತಿದರು. ಮೂವರೂ ಕೂಡಿ ಒತ್ತಿದರು. ಭತ್ತದ ಚೀಲ ಹಟ ಹಿಡಿದ ಎಮ್ಮೆಯ ಹಾಗೆ ಕೂತಲ್ಲೇ ಕೂತಿತ್ತು. ಬಾಗಿಲನ್ನು ಹಗ್ಗದಿಂದ ಓರೆಯಾಗಿ ಬಿಗಿದರು. ಆಯಿ ಕಟ್ಟೆಯ ಮೇಲಿಂದಲೇ ಕೇಳಿದಳು, "ಏನಾತೋ ಶಂಕ್ರ್ಯಾ?"

"ಏನಿಲ್ಲ."

ಅಪ್ಪ "ಏನಿಲ್ಲ" ಅಂದರೆ ಏನೋ ಇದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಪ್ಪ ಗಾಡಿ ಹೊರಡಿಸಿದ. ಕಾಲುವೆಯ ಏರಿ ದಾಟುವಾಗ, ಕನ್ನಡಿಯಲ್ಲಿ ನನ್ನನ್ನು ನೋಡದೆ, ಹನುಮಪ್ಪ ಕಾಕಾನಿಗೆ ಹೇಳಿದ: "ಮೊದಲು ಶೆಡ್ಡಿಗೆ ಹೋಗೂಣು. ಗೋಡಿ ಇದ್ದ ಜಾಗಕ್ಕ ಹೋಗ್ಲಿ. ಮೂರು ಸಾಲಿನ ಗಾಡಿ ತಗೊಂಡು ಊರಾಗ ಏನ್ ಮುಖ ತೋರಸ್ಲಿ? ಸಾಲಿದು ಮುಂದಿನ ವರ್ಷ ನೋಡೂಣು. ಅಷ್ಟ್ರಾಗ ಬಸ್ಸಿನ ಹೊತ್ತು ಬದಲಾದೀತು."

ಕಾಕಾ ಹಿಂದೆ ತಿರುಗಿ ನನ್ನ ಕಡೆ ಒಮ್ಮೆ ನೋಡಿದ, ಅಷ್ಟೇ. ನಾನು ಗಾಜಿನ ಅಂಚು ನೂಕಿ ಹೊರಗೆ ಮುಖ ಮಾಡಿದೆ. ಕೊಯ್ದ ಗದ್ದೆಗಳ ಕೂಳೆ, ಬೆಳ್ಳಕ್ಕಿ, ಹುಲ್ಲಿನ ಬಣವೆ ಎಲ್ಲವೂ ಕಣ್ಣೀರಿನಲ್ಲಿ ಕದಡಿ ಹಳದಿಯಾಗಿ ಕಂಡವು. ಮುಂದಿನ ವರ್ಷ ಎಂದರೇನು ಎಂದು ನನಗೆ ಗೊತ್ತಿತ್ತು. ಮೇಲಿನ ಓಣಿಯ ಸರೋಜಕ್ಕನಿಗೂ ಹಾಗೆಯೇ ಮುಂದಿನ ವರ್ಷ ಅಂದಿದ್ದರು. ಅವಳು ಈಗ ಕುಷ್ಟಗಿಯ ಗಂಡನ ಮನೆಯಲ್ಲಿದ್ದಳು.

ಶೆಡ್ಡಿನಲ್ಲಿ ಮಹಬೂಬ ಚಾಚಾ ಮೊದಲು ಒಪ್ಪಲೇ ಇಲ್ಲ.

"ನಾಲ್ಕು ಸಾಲು ಇಟ್ಟ ಅಳದೀನಿ, ಶಂಕ್ರಣ್ಣ. ನಿಮ್ಮ ಮುಂದ ಅಳದೀನಿ. ನನ್ನ ಕೈಯಾಗ ಅಳತಿ ತಪ್ಪಂಗಿಲ್ಲ."

"ಹಂಗಾರ ಬಾಗಲ ಯಾಕ ಹತ್ತವಲ್ದು?"

"ಹೇರಿದವ್ರ ತಪ್ಪು."

ಹನುಮಪ್ಪ ಕಾಕಾ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. "ಮಿಸ್ತ್ರಿ, ಯಾವ ಚೀಲ ಇಟ್ಟು ಅಳದಿ ನೀ?"

"ಚೀಲ ಅಂದ್ರ ಚೀಲ. ಮಗ್ಗಲ ಮಿಲ್ಲಿಂದು."

"ಮಿಲ್ಲಿಂದ ಹೊರಗ ಬರೂ ಚೀಲದಾಗ ಏನಿರ್ತೈತಿ?"

ಚಾಚಾ ಪಕ್ಕದ ಮಿಲ್ಲಿನ ಕಡೆ ನೋಡಿದರು. ನಮ್ಮ ಗಾಡಿಯ ಕಡೆ ನೋಡಿದರು. ತಲೆಯ ಟೋಪಿ ತೆಗೆದು ಮೊಳಕಾಲಿಗೆ ಬಡಿದುಕೊಂಡರು.

"ಅಕ್ಕಿ," ಅಂದರು.

"ಅಕ್ಕಿ. ಇದು ಭತ್ತ. ಅಕ್ಕಿ ಚೀಲ ಹೊಲದು ಬಿಗದು ಕುಂದ್ರೂ ಮಣಿ ಹಂಗ ಸಪಾಟ ಇರ್ತೈತಿ. ಭತ್ತದ ಚೀಲ ಬಸುರಿ ಹಂಗ. ನನ್ನ ಬೆನ್ನಿಗೆ ಕೇಳಿದ್ರ ಹೇಳ್ತಿತ್ತು."

"ಶಂಕ್ರಣ್ಣ, ನೀವೂ ಅಲ್ಲೇ ನಿಂತಿದ್ರಿ ಮತ್ತ," ಅಂದರು ಚಾಚಾ, ಸಣ್ಣ ದನಿಯಲ್ಲಿ.

"ನಿಂತಿದ್ದೆ," ಅಂದ ಅಪ್ಪ.

ಮೂವತ್ತು ವರ್ಷ ಬಾಡಿ ಕಟ್ಟಿದವರು, ಹುಟ್ಟಿದಾಗಿನಿಂದ ಭತ್ತ ಬೆಳೆದವರು, ಇಬ್ಬರೂ ಅಕ್ಕಿ ಚೀಲದ ಮುಂದೆ ನಿಂತು ತಲೆಯಾಡಿಸಿದ್ದರು. ಮಿಲ್ಲುಗಳ ಸಾಲಿನಲ್ಲಿ ದಿನ ಕಳೆದವರಿಗೆ ಚೀಲ ಎಂದರೆ ಒಂದೇ ಎಂಬ ಹಾಗೆ ಆಗಿಬಿಡುತ್ತದೇನೋ. ಹೊತ್ತವನಿಗೆ ಮಾತ್ರ ಎರಡು.

"ಆಗಿದ್ದು ಆತು," ಅಂದ ಅಪ್ಪ. "ಗೋಡಿ ಮುಂದಕ್ಕ ತಗೋ, ಮಿಸ್ತ್ರಿ. ಸೀಟು ತಗದ್ಬಿಡು."

ಚಾಚಾ ಗಾಡಿಯ ಹತ್ತಿರ ಬಂದರು. ಮುಂದಿನ ಬಾಗಿಲು ತೆಗೆದರು, ಆಮೇಲೆ ಗಿಳಿಯ ಬಾಗಿಲು ತೆಗೆದರು.

"ಇಳಿ ಬೇಟಾ. ನೋಡ್ತೀನಿ."

"ಇಳಿಯಂಗಿಲ್ಲ," ಅಂದೆ.

ನಾನು ದೊಡ್ಡವರಿಗೆ ಎದುರು ಮಾತಾಡುವ ಹುಡುಗಿಯಾಗಿರಲಿಲ್ಲ. ಆ ಮಾತು ಹೇಗೆ ಬಂತೋ ಈಗಲೂ ತಿಳಿಯದು. ಚಪ್ಪಲಿ ಕಾಲಿನಿಂದ ಕೆಳಗೆ ಬಿದ್ದವು. ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು, ಮೊಳಕಾಲು ಎರಡೂ ತೋಳಲ್ಲಿ ತಬ್ಬಿ, ಗೋಡೆಗೆ ಆತು ಕುಂತೆ.

"ಗಿರಿಜಾ," ಅಂದ ಅಪ್ಪ. "ಇಳಿಯವ್ವ."

"ಇಳಿಯಂಗಿಲ್ಲಪ್ಪ."

"ಕಾಲ ಹಿಡದು ಜಗ್ಲೇನು?" ಎಂದ ದುರುಗಪ್ಪ, ನಗಿಸಲೆಂದು. ಯಾರೂ ನಗಲಿಲ್ಲ.

ಚಾಚಾ ನನ್ನ ಮುಖ ನೋಡುತ್ತಿರಲಿಲ್ಲ. ಬಗ್ಗಿ ನನ್ನ ಸೀಟಿನ ಕೆಳಗೆ ನೋಡುತ್ತಿದ್ದರು. ಅಲ್ಲಿ ನನ್ನ ಚಪ್ಪಲಿ, ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಬಗ್ಗಿದವರು ಹಾಗೇ ಕೈ ಒಳಗೆ ಚಾಚಿ ಹಿಂದಿನ ತಗಡನ್ನು ಬೆರಳಿಂದ ಬಡಿದರು. ಡಬಡಬ ಅಂದಿತು.

"ಹಂಗ ಕುಂದ್ರು," ಅಂದರು. "ಇಳೀಬ್ಯಾಡ. ಹನುಮಪ್ಪ, ಭತ್ತದ ಚೀಲ ಮಲಗಿಸಿದ್ರ ಎಷ್ಟು ಎತ್ತರ ಆಗ್ತೈತಿ?"

ಕಾಕಾ ನೆಲದಿಂದ ಮೇಲೆ ಅಂಗೈ ಹಿಡಿದು ತೋರಿಸಿದ. ಚಾಚಾ ಆ ಅಂಗೈಯನ್ನು ಹಾಗೇ ಹಿಡಿದು ತಂದು ನನ್ನ ಸೀಟಿನ ಕೆಳಗಿಟ್ಟರು. ಸೀಟಿಗೂ ಅಂಗೈಗೂ ನಡುವೆ ಇನ್ನೂ ಮೂರು ಬೆರಳು ಉಳಿಯಿತು.

"ಸೀಟಿನ ಕೆಳಗ ಗೋಡಿ ಯಾಕ ಬೇಕು?" ಅಂದರು ಚಾಚಾ. "ಇಕಿ ಬೆನ್ನಿಗೆ ಗೋಡಿ ಬೇಕು. ಇಕಿ ಕೆಳಗ ಬ್ಯಾಡ. ಕೆಳಗಿನ ತಗಡು ಕೊಯ್ದು ಬಾಯಿ ಬಿಡಸ್ತೀನಿ. ಮೊದಲನೇ ಸಾಲಿನ ಚೀಲ ಸೀಟಿನ ಬುಡಕ್ಕ ಹೋಗ್ತೈತಿ. ಒಂದು ಗೇಣಲ್ಲ, ಒಂದಡಿ ಸಿಗ್ತೈತಿ ನಿಮಗ."

"ಮ್ಯಾಲಿನ ಚೀಲ?" ಎಂದ ಅಪ್ಪ.

"ಮ್ಯಾಲಿಂದರ ಚಿಂತಿ ನಂದು," ಅಂದ ಹನುಮಪ್ಪ ಕಾಕಾ. "ಕೆಳಗಿನವು ಸರಿಯಾಗಿ ಕುಂತ್ರ ಮ್ಯಾಲಿನವು ಸಂದಿನ್ಯಾಗ ಕುಂದರ್ತಾವ. ನೀ ಏನ್ ಚೀಲ ಹೊತ್ತೀಯೇನು, ಯಣ್ಣಾ?"

ಅಪ್ಪ ಸೀಟಿನ ಕೆಳಗೆ ತಾನೂ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಎದ್ದು ನಿಂತಾಗ ನನ್ನ ಕಾಲ ಬೆರಳನ್ನು ಹಿಡಿದು ಅಲ್ಲಾಡಿಸಿ, "ಈಗರ ಇಳೀತಿ ಇಲ್ಲೋ? ಕೊಯ್ಯೂ ಮುಂದ ಬೆಂಕಿ ಕಿಡಿ ಹಾರ್ತಾವ," ಅಂದ.

ಆಗ ಇಳಿದೆ.

ಹೇರಿದ ಚೀಲಗಳನ್ನೆಲ್ಲ ಇಳಿಸಬೇಕಾಯಿತು. ಎರಡೆರಡು ಸಲ ಹೊರುವ ಕೆಲಸಕ್ಕೆ ದುರುಗಪ್ಪ ಗೊಣಗಿದ. "ಇಕಿ ಓದಿ ಸಾಹೇಬ್ಳಾದ್ರ ನನ್ನ ಬೆನ್ನು ನೆನಸ್ಬೇಕು," ಅಂದ. ಚಾಚಾ ಎದುರಿನ ಹೋಟೆಲ್ಲಿನಿಂದ ಎಲ್ಲರಿಗೂ ಒಗ್ಗರಣಿ ಮಿರ್ಚಿ ತರಿಸಿದರು. ಪೇಪರಿನ ಮೇಲೆ ಮಂಡಕ್ಕಿಯ ಹಳದಿ ಒಗ್ಗರಣಿ, ಅದರ ಮೇಲೆ ಉದುರಿಸಿದ ಪುಟಾಣಿ ಹಿಟ್ಟು, ಕೈಗೆ ಬಿಸಿ ತಾಗುವ ಮಿರ್ಚಿ ಬಜ್ಜಿ. ಒಂದು ಕಡೆ ಗ್ಯಾಸಿನ ನೀಲಿ ಬೆಂಕಿ ತಗಡು ಕೊಯ್ಯುತ್ತಿತ್ತು, ಇನ್ನೊಂದು ಕಡೆ ನಾನು ಭತ್ತದ ಚೀಲದ ಮೇಲೆ ಕುಂತು ಮಿರ್ಚಿ ಕಡಿಯುತ್ತಿದ್ದೆ. ಖಾರಕ್ಕೋ ಮತ್ತೊಂದಕ್ಕೋ ಕಣ್ಣು ಮೂಗು ಸುರಿಯುತ್ತಲೇ ಇತ್ತು.

ಕೊಯ್ದ ಅಂಚಿಗೆ ಕಬ್ಬಿಣದ ಪಟ್ಟಿ ಕೂರಿಸಿ ಚೀಲ ಹರಿಯದ ಹಾಗೆ ಉಜ್ಜಿದರು. ಹನುಮಪ್ಪ ಕಾಕಾ ಮೊದಲನೆಯ ಚೀಲವನ್ನು ತಾನೇ ಹೊತ್ತು ತಂದು ಆ ಬಾಯಿಗೆ ನೂಕಿದ. ಚೀಲ ಸರ್ರನೆ ಒಳಗೆ ಹೋಗಿ ನನ್ನ ಸೀಟಿನ ಬುಡದಲ್ಲಿ ಮೂಗು ತೋರಿಸಿತು. ಎರಡನೆಯ ಸಾಲು, ಮೂರನೆಯ ಸಾಲು, ನಾಲ್ಕನೆಯ ಸಾಲು. ಹಿಂದಿನ ಬಾಗಿಲನ್ನು ಅಪ್ಪ ಒಂದೇ ಕೈಯಲ್ಲಿ ಎತ್ತಿದ. ಚಿಲಕ ಬಿತ್ತು. ಅವತ್ತು ಹಗ್ಗ ಬೇಕಾಗಲಿಲ್ಲ.

ಮಿಲ್ಲಿಗೆ ಹೋಗುವ ಮೊದಲೇ ಅಪ್ಪ ಗಾಡಿಯನ್ನು ಹೈಸ್ಕೂಲಿನ ಮುಂದೆ ನಿಲ್ಲಿಸಿದ. ಆಫೀಸಿನಲ್ಲಿ ಕುಂತಿದ್ದ ಗುಮಾಸ್ತರು ಫಾರಂ ನೋಡಿ ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು.

"ಅಷ್ಟು ದೂರದಿಂದ ದಿನಾ ಹೆಂಗ ಬರ್ತಾಳ್ರಿ? ನಡುವ ಬಿಡಸಾಕ ಬಂದ್ರ ನಮಗ ತ್ರಾಸು."

ಅಪ್ಪ ಕಿಟಕಿಯಿಂದ ಹೊರಗೆ ಕೈ ತೋರಿಸಿದ. "ಸೀಟು ಐತ್ರಿ," ಅಂದ.

ಮೂರು ವರ್ಷ ಆ ಸೀಟಿನಲ್ಲಿ ಹೋದೆ, ಬಂದೆ. ಎಂಟನೆತ್ತೆಯಲ್ಲಿ ನೇರ ಕೂರುತ್ತಿದ್ದೆ. ಒಂಬತ್ತಕ್ಕೆ ಮೊಳಕಾಲು ಬೆಳೆದು ಓರೆಯಾಗಿ ಕುಂತೆ. ಹತ್ತನೆತ್ತೆಯಲ್ಲಿ ಚೀಲವಿರಲಿ ಬಿಡಲಿ, ಕಾಲು ಮೇಲೆ ಮಡಚಿಕೊಂಡೇ ಕೂರಬೇಕಿತ್ತು. ಸುಗ್ಗಿಯಲ್ಲಿ ಸೀಟಿನ ಬುಡದ ಚೀಲಗಳಿಂದ ಹೊಸ ಭತ್ತದ ಬೆಚ್ಚನೆ ವಾಸನೆ ಏರಿಬರುತ್ತಿತ್ತು. ಭತ್ತದ ಮುಳ್ಳಿನಂಥ ಸುಂಕು ಲಂಗದೊಳಗೆ ಸೇರಿ ಮೊದಲ ಪಿರಿಯಡ್ಡು ಪೂರ್ತಿ ತುರಿಸಿಕೊಳ್ಳುವುದೇ ಕೆಲಸ. ಜಡೆಯಿಂದ ಭತ್ತದ ಕಾಳು ಬಿದ್ದರೆ ಹಿಂದಿನ ಬೆಂಚಿನವರು "ಮಿಲ್ಲು ಬಂತು" ಅನ್ನುತ್ತಿದ್ದರು. ನಾನು ಆ ಕಾಳನ್ನು ಸುಲಿದು ಅವರಿಗೇ ತಿನ್ನಲು ಕೊಡುತ್ತಿದ್ದೆ. ಮಗ್ಗಿ, ವ್ಯಾಕರಣ, ಭೂಗೋಳ ಎಲ್ಲ ಆ ಒಂದೂವರೆ ಅಡಿಯಲ್ಲೇ ಬಾಯಿಪಾಠವಾದವು. ನಾನು ಓದುವುದನ್ನು ಮುಂದಿನಿಂದ ಕೇಳಿ ಕೇಳಿ ದುರುಗಪ್ಪನಿಗೂ ಅರ್ಧ ಭೂಗೋಳ ಬರುತ್ತಿತ್ತು. ಒಮ್ಮೆ ಮಿಲ್ಲಿನಲ್ಲಿ ಯಾರಿಗೋ ಅವನು ಮಳೆ ಮಾರುತಗಳ ಬಗ್ಗೆ ಹೇಳಿ, "ಎಷ್ಟನೆತ್ತೆ ಓದೀದಿ ನೀ?" ಎಂದು ಕೇಳಿಸಿಕೊಂಡು ಬಂದ. ವಾರಗಟ್ಟಲೆ ಅದನ್ನೇ ಹೇಳಿದ.

ಹೋದ ತಿಂಗಳು ಮಂಜ ಹೊಸ ಪಿಕಪ್ಪು ತಂದ. ಕಂಪನಿಯಿಂದಲೇ ಹಿಂದೊಂದು ಕಿರಿ ಸೀಟು ಬಂದಿದೆ, ಮಹಬೂಬ ಚಾಚಾ ಅಂಗೈ ಬಿಚ್ಚಿ ತೋರಿಸಿದ ಹಾಗೆಯೇ ಕಪಾಟಿನ ಬಾಗಿಲು. ಸೀಟು ಎತ್ತಿದರೆ ಕೆಳಗೆ ಸಾಮಾನು ಇಡುವ ಡಬ್ಬಿ. ಫೋನ್ ಚಾರ್ಜಿಗೆ ಹಚ್ಚಲು ಕಿಂಡಿ, ಚಹಾದ ಕಪ್ಪು ಇಡಲು ಗುಣಿ, ತಣ್ಣನೆ ಗಾಳಿ. ರಿವರ್ಸ್ ಹಾಕಿದರೆ ಹಿಂದಿನ ರಸ್ತೆಯೆಲ್ಲ ಮುಂದಿನ ಪರದೆಯಲ್ಲಿ ಕಾಣುತ್ತದೆ. ಕುಂತು ನೋಡಿದೆ. ಛಲೋ ಐತಿ, ಸುಳ್ಳೇಕೆ ಹೇಳಲಿ, ಈ ವಯಸ್ಸಿನ ನನ್ನ ಮೊಳಕಾಲಿಗೂ ಜಾಗವಿದೆ.

"ಎಷ್ಟು ಸಾಲು ಹಿಡೀತೈತೋ?" ಎಂದು ಕೇಳಿದೆ.

"ಯಾವ ಸಾಲು, ಅಕ್ಕಾ?" ಅಂದ.

ಅವನ ತಪ್ಪಲ್ಲ. ಈಗ ಗದ್ದೆಗೆ ಮಷಿನ್ನು ಇಳಿಯುತ್ತದೆ. ಕೊಯ್ದ ಭತ್ತ ಸುರಿದ ಹಾಗೇ ಟ್ರ್ಯಾಲಿಗೆ ಬಿದ್ದು ಸುರಿದ ಹಾಗೇ ಮಿಲ್ಲು ಸೇರುತ್ತದೆ. ಚೀಲವೇ ಇಲ್ಲದ ಮೇಲೆ ಸಾಲೆಲ್ಲಿಯದು. ಹನುಮಪ್ಪ ಕಾಕಾನ ಮಕ್ಕಳು ಬೆನ್ನು ನೆಟ್ಟಗಿಟ್ಟುಕೊಂಡು ಬೇರೆ ಬೇರೆ ಕೆಲಸದಲ್ಲಿದ್ದಾರೆ, ಅದು ಒಳ್ಳೆಯದೇ ಆಯಿತು. ಚಾಚಾ ಇಲ್ಲ, ಅವರ ಶೆಡ್ಡಿದ್ದಲ್ಲಿ ಟೈಲ್ಸಿನ ಅಂಗಡಿ. ನಮ್ಮ ಹಳೆಯ ಗಾಡಿ ಇರಕಲ್ಲಗಡದ ಒಬ್ಬರಿಗೆ ಹೋಗಿ, ಅಲ್ಲಿಂದ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಈಗ ಗಾಡಿಗಳು ಯಾರ ಮೊಳಕಾಲು ನೋಡಿಯೂ ಆಗುವುದಿಲ್ಲ, ಆಗಿಯೇ ಬರುತ್ತವೆ. ಒಂದು ಹುಡುಗಿಯ ಸಾಲಿಗಾಗಿ ನಾಲ್ಕು ಜನ ಗಂಡಸರು ಬಿಸಿಲಲ್ಲಿ ನಿಂತು, ಬಗ್ಗಿ, ಒಂದು ಸೀಟಿನ ಬುಡ ನೋಡುವ ಹೊತ್ತು ಈಗಿನ ಯಾವ ಗಾಡಿಯಲ್ಲೂ ಇಲ್ಲ. ನನಗೆ ಕಡಿಮೆ ಅನ್ನಿಸುವುದು ಅದೊಂದೇ.

ಸೀಟು ಉಳಿದ ಆ ದಿನ ನಾವು ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ ಮಾಡಿದ್ದಳು. ಎಮ್ಮೆ ಮೊಸರಿತ್ತು. ಹೆಸರು ಹಚ್ಚಿದ್ದಕ್ಕೆಂದು ನನಗೊಬ್ಬಳಿಗೆ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಮಂಜ ಅತ್ತದ್ದಕ್ಕೆ ಅದರಲ್ಲಿ ಅರ್ಧ ಅವನಿಗೆ ಹೋಯಿತು. ಹನುಮಪ್ಪ ಕಾಕಾ, ದುರುಗಪ್ಪ ಇಬ್ಬರೂ ನಮ್ಮಲ್ಲೇ ಉಂಡರು. ಅಕ್ಕಿ ಚೀಲದ ಕತೆಯನ್ನು ಕಾಕಾ ಆಯಿಗೆ ಮೂರು ಸಲ ಹೇಳಿದ. ಆಯಿ ಮೂರು ಸಲವೂ ಮಗನ ಕಡೆ ನೋಡಿ ನಕ್ಕಳು. ಅಪ್ಪ ಮೊಸರನ್ನ ಉಂಡು ಎದ್ದು, ಅಂಗಳದ ಹೊರಸಿನ ಮೇಲೆ ಸುಮ್ಮನೆ ಬೆನ್ನು ಚಾಚಿದ. ಅವ್ವ ಪಾತ್ರೆ ತೊಳೆದು ಬರುವಷ್ಟರಲ್ಲಿ, ನಮ್ಮೆಲ್ಲರಿಗಿಂತ ಮೊದಲು, ಅವನೇ ನಿದ್ದೆ ಹೋಗಿದ್ದ.